ಸೆಣಬಿನ ಮಡಿಯಲ್ಲಿ ನಾನು ಗಮನಿಸುವುದು

ನನ್ನ ತರಕಾರಿ ಮಡಿಗಳ ಪೈಕಿ ಒಂದಕ್ಕೆ ಪ್ರತಿ ವರ್ಷ ಸರದಿಯಂತೆ ಬಿಡುವು ಕೊಟ್ಟು, ಅಲ್ಲಿ ಹಸಿರು ಗೊಬ್ಬರಕ್ಕಾಗಿ, ಅಂದರೆ ಎಳೆಯದಾಗಿರುವಾಗಲೇ ಕಡಿದು ಮಣ್ಣಿಗೆ ಸೇರಿಸಲೆಂದು, ಸೆಣಬು (ಸನ್‌ಹೆಂಪ್) ಬಿತ್ತುತ್ತೇನೆ. ಚದರ ಮೀಟರಿಗೆ ಐದಾರು ಗ್ರಾಂ ಬೀಜ ಎರಚಿ, ಮೇಲ್ಮಣ್ಣನ್ನು ಕೈಯಾಡಿಸಿ ನೀರು ಕೊಟ್ಟರೆ ಬಿತ್ತನೆ ಮುಗಿಯಿತು. ಒತ್ತಾಗಿ ಬೆಳೆದ ಸೆಣಬಿನ ಅಡಿಯಲ್ಲಿ ಕಳೆ ತಲೆಯೆತ್ತುವುದಿಲ್ಲ.

ಗಿಡ ಮೊಣಕಾಲೆತ್ತರವಾದಾಗ ಒಂದನ್ನು ಬುಡಸಮೇತ ಅಗೆದು ನೋಡುತ್ತೇನೆ. ಕಿತ್ತರೆ ಬೇರಿನ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ, ಆದ್ದರಿಂದ ಅಗೆಯಲೇಬೇಕು. ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದರ್ಥ. ಬಿಳಿಯಾಗಿದ್ದರೆ ಕೆಲಸ ಇನ್ನೂ ಶುರುವಾಗಿಲ್ಲ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಬೇಕು.

ಹಸಿರು ಗೊಬ್ಬರದಲ್ಲಿ ಎಲ್ಲವೂ ನಿಂತಿರುವುದು ಕಡಿಯುವ ಹೊತ್ತಿನ ಮೇಲೆ. ಮೈತುಂಬ ಹಳದಿ ಹೂ ಬಿಟ್ಟ ಮಡಿ ನೋಡಲು ಬಲು ಚೆಂದ, ಆದರೂ ನಾನು ಅಲ್ಲಿಯವರೆಗೆ ಕಾಯುವುದಿಲ್ಲ. ಸುಮಾರು ನಲವತ್ತೈದು ದಿನಗಳ ಹೊತ್ತಿಗೆ ಮೊಗ್ಗು ಕಾಣಿಸುತ್ತಲೇ ಕಾಂಡವನ್ನು ಬಗ್ಗಿಸಿ ನೋಡುತ್ತೇನೆ. ಪಟ್ಟನೆ ಮುರಿದು ರಸ ಜಿನುಗಿದರೆ ಅದೇ ಹದ. ಮುರಿಯದೆ ನಾರು ಎಳೆಯೆಳೆಯಾಗಿ ಬಂದರೆ ಗಿಡ ಬಲಿಯುತ್ತಿದೆ ಎಂದು ತಿಳಿಯಬೇಕು. ಹಗ್ಗ ಹೊಸೆಯುವ ಬೆಳೆಯಲ್ಲವೇ ಇದು! ಬಲಿತ ಕಾಂಡದಲ್ಲಿ ಇಂಗಾಲ ಹೆಚ್ಚು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಮುಂದಿನ ಬೆಳೆ ಕೆಲಕಾಲ ಹಳದಿಗಟ್ಟಿ ಸೊರಗುತ್ತದೆ.

ಕಡಿದ ಸೊಪ್ಪನ್ನು ಗೇಣುದ್ದ ತುಂಡರಿಸಿ, ಒಂದು ದಿನ ಬಾಡಿಸಿ, ಮೇಲಿನ ಐದಾರು ಅಂಗುಲದೊಳಗೇ ಸೇರಿಸುತ್ತೇನೆ. ಆಳಕ್ಕೆ ಹೂತರೆ ಗಾಳಿಯಾಡದೆ ಸೊಪ್ಪು ಹುಳಿತುಹೋಗುತ್ತದೆ. ತೇವ ಆರದಂತೆ ನೋಡಿಕೊಂಡು ಎರಡು ಮೂರು ವಾರ ಬಿಟ್ಟು ಒಂದು ಹಿಡಿ ಮಣ್ಣು ಮೂಸುತ್ತೇನೆ. ಹುಳಿ ವಾಸನೆ ಬಂದರೆ ಇನ್ನಷ್ಟು ಕಾಯಬೇಕು. ಎಲೆಯ ಗುರುತು ಸಿಗದೆ ಬರೀ ಮಣ್ಣಿನ ವಾಸನೆಯಿದ್ದರೆ ಸಸಿ ನೆಡಬಹುದು. ಕ್ಯಾರೆಟ್, ದಂಟಿನಂತಹ ಸಣ್ಣ ಬೀಜಗಳಿಗೆ ಮತ್ತೂ ಒಂದು ವಾರ ತಡೆಯುವುದು ಒಳ್ಳೆಯದು. ಅರೆಕೊಳೆತ ಸೊಪ್ಪಿನ ನಡುವೆ ಮೊಳಕೆಗಳು ಕೊಳೆಯುತ್ತವೆ.

ನೀರು ನಿಲ್ಲುವ ಮೂಲೆಗೆ ಡಯಾಂಚ ಎಂಬ ಇನ್ನೊಂದು ಹಸಿರು ಗೊಬ್ಬರದ ಗಿಡವೇ ಸರಿ. ಅಲಸಂದೆ, ಹೆಸರು ಬಿತ್ತಿ ಕಾಯಿ ಬಿಡಿಸಿಕೊಂಡು ಉಳಿದದ್ದನ್ನು ಮಣ್ಣಿಗೆ ಸೇರಿಸುವವರೂ ಇದ್ದಾರೆ. ಆದರೆ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆಗೇ ಹೋಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಟೊಮೆಟೊ, ಬದನೆಯಂತಹ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿಸಿ ಕಾಡುವ ಬೇರುಗಂಟು ಜಂತುಹುಳುವಿಗೆ ಸೆಣಬಿನಲ್ಲಿ ಆಸರೆ ಸಿಗುವುದಿಲ್ಲ, ಹಾಗಾಗಿ ಈ ಮಡಿಗೆ ಮುಂದೆ ಟೊಮೆಟೊ ಅಥವಾ ಬದನೆ ಹಾಕುತ್ತೇನೆ.

ಎಳೆ ಸೊಪ್ಪು ಬೇಗ ಕರಗಿ ಬೆಳೆಗೆ ಆಹಾರವಾಗುತ್ತದೆಯೇ ಹೊರತು ಮಣ್ಣಿನಲ್ಲಿ ಬಹುಕಾಲ ಬಾಳುವ ಹ್ಯೂಮಸ್, ಅಂದರೆ ಕೊಳೆತು ಉಳಿಯುವ ಕಪ್ಪು ಸಾವಯವ ಅಂಶ, ಅದರಿಂದ ಹೆಚ್ಚು ಸಿಗದು. ಅದಕ್ಕಾಗಿ ಇದೇ ಮಡಿಗಳಿಗೆ ಕಾಂಪೋಸ್ಟ್ ಹಾಕುವುದನ್ನು ನಾನು ನಿಲ್ಲಿಸಿಲ್ಲ.