ಕಾಫಿ ಪುಡಿಗೆ ಸರಿಯಾದ ಗಿರಾಕಿ ಸಿಕ್ಕಿದ್ದು ಹೀಗೆ

ಕೊಡಗಿನ ಗೋಣಿಕೊಪ್ಪದಲ್ಲಿ ನಮ್ದು ಸಣ್ಣ ಕಾಫಿ ಪುಡಿ ಬಿಸಿನೆಸ್, ತೋಟದ ಬೀಜಾನೇ ಹುರಿದು ಪುಡಿ ಮಾಡಿ ಮಾರೋದು. ಸೀಸನ್‌ನಲ್ಲಿ ಟೂರಿಸ್ಟ್‌ಗಳು ತಗೋತಾರೆ, ಮಳೆಗಾಲ ಶುರುವಾದ್ರೆ ಮಾಲು ಹಾಗೇ ಕೂತಿರುತ್ತೆ, ಹುರಿದ ಪುಡಿ ಘಮ ಹೋಗೋಕೆ ತುಂಬ ದಿನ ಬೇಡ, ಇದೇ ದೊಡ್ಡ ತಲೆನೋವಾಗಿತ್ತು.

ಕೊನೆಗೆ ಯುಪಿಐ ಹಿಸ್ಟರಿ, ವಾಟ್ಸಾಪ್ ಆರ್ಡರ್ ಎಲ್ಲ ತೆಗೆದು ಯಾರು ಎರಡನೇ ಸಲ ತಗೊಂಡಿದಾರೆ ಅಂತ ಮಾತ್ರ ಬರ್ಕೊಂಡೆ. ಅವರಿಗೆ ಫೋನ್ ಮಾಡಿ ಮನೇಲಿ ಯಾವ ಫಿಲ್ಟರ್, ತಿಂಗಳಿಗೆ ಎಷ್ಟು ಬೇಕು, ಖಾಲಿ ಆದಾಗ ಏನ್ ಮಾಡ್ತೀರ ಅಂತ ಕೇಳ್ದೆ. ಹೆಚ್ಚಿನವರು ಬೆಂಗಳೂರು ಮೈಸೂರಲ್ಲಿ ಸೆಟಲ್ ಆಗಿರೋ ನಮ್ಮ ಕಡೆಯವರೇ, ಇನ್ನೊಂದಷ್ಟು ಹೋಂಸ್ಟೇಯವರು. "ಇಲ್ಲಿ ಸಿಗೋ ಪುಡೀಲಿ ಚಿಕೋರಿ ಜಾಸ್ತಿ, ನಂಗೆ ಊರಿನ ಕಾಫೀನೇ ಬೇಕು" ಅಂದ್ರು ಒಬ್ರು ಆಂಟಿ. ನಿಜಾನೇ, ಚಿಕೋರಿ ಅಂದ್ರೆ ಕಾಫಿಗೆ ಬೆರೆಸೋ ಒಂದು ಬೇರಿನ ಪುಡಿ, ಕಾಫಿ ಚಿಕೋರಿ ಮಿಕ್ಸಲ್ಲಿ ಶೇ 49ರವರೆಗೆ ಚಿಕೋರಿ ಹಾಕೋಕೆ ನಿಯಮದಲ್ಲೇ ಅವಕಾಶ ಇದೆ, ಪ್ಯಾಕೆಟ್ ಮೇಲೆ ಓದಿ ನೋಡಿ.

ಈಗ ಆರ್ಡರ್ ಬಂದ ಮೇಲೇನೇ ಹುರಿಯೋದು, ಹುರಿದ ತಾರೀಖು ಬರೀತೀವಿ, ರೋಬಸ್ಟಾ, ಅರೇಬಿಕಾ ಅನ್ನೋ ಎರಡು ಜಾತಿ ಬೀಜ ಎಷ್ಟೆಷ್ಟು ಅಂತಾನೂ. ಬರೀ ಡಿಸ್ಕೌಂಟ್ ಕೇಳೋರ ಹಿಂದೆ ಹೋಗಲ್ಲ. ಈ ಸಲ ಜುಲೈ ಮಳೇಲೂ ಕೊರಿಯರ್ ಹೋಗ್ತಾನೇ ಇತ್ತು, ಕರೆಂಟ್ ಇಲ್ದಿರೋ ದಿನ ಮಾತ್ರ ಲೇಟು.