ಎರಡು ಲೈನು ಇದ್ದರೆ ಸಾಲದು

ಕರೆಂಟ್ ಹುಟ್ಟಿಸುವ ಅಣು ಸ್ಥಾವರಕ್ಕೇ ಹೊರಗಿನಿಂದ ಕರೆಂಟ್ ಬೇಕು ಅಂದರೆ ಕಲಬುರಗಿಯಲ್ಲಿ ನನ್ನ ಗೆಳೆಯರು ಈಗಲೂ ನಂಬುವುದಿಲ್ಲ. ರಿಯಾಕ್ಟರ್ ನಿಲ್ಲಿಸಿದರೂ ಶಾಖ ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಕ್ತಿಯ 6–7 ಪರ್ಸೆಂಟ್ ಶಾಖ ಬರುತ್ತಲೇ ಇರುತ್ತದೆ. ಒಂದು ದಿನ ಕಳೆದರೂ ಅರ್ಧ ಪರ್ಸೆಂಟ್ ಆಸುಪಾಸು ಉಳಿದಿರುತ್ತದೆ. ಕೈಗಾದಂಥ 220 ಮೆಗಾವ್ಯಾಟ್ ಘಟಕದಲ್ಲಿ ಅದು ಸುಮಾರು ನಾಲ್ಕು ಮೆಗಾವ್ಯಾಟ್ ಶಾಖ. ಅದನ್ನು ಹೊರಗೆ ಹಾಕಲು ಪಂಪ್ ಓಡಲೇಬೇಕು, ಪಂಪಿಗೆ ಕರೆಂಟ್ ಬೇಕು.

ಆ ಕರೆಂಟ್ ತಪ್ಪದಂತೆ ನೋಡಿಕೊಳ್ಳುವುದೇ ನಾನು ಬಹಳ ವರ್ಷ ಮಾಡಿದ ಕೆಲಸ. ನಮ್ಮ ಸ್ಥಾವರಗಳಲ್ಲಿ ಗ್ರಿಡ್ಡಿನ ಕರೆಂಟಿಗೆ ಕ್ಲಾಸ್ 4 ಅನ್ನುತ್ತಾರೆ. ಡೀಸೆಲ್ ಜನರೇಟರ್ ಬೆಂಬಲ ಇರುವುದು ಕ್ಲಾಸ್ 3, ಇನ್ವರ್ಟರಿನದು ಕ್ಲಾಸ್ 2, ಬ್ಯಾಟರಿಯದು ಕ್ಲಾಸ್ 1. ಡೀಸೆಲ್ ಇದೆಯಲ್ಲ, ಗ್ರಿಡ್ ಹೋದರೇನು ಎಂದು ಹೊಸಬರು ಕೇಳುತ್ತಾರೆ. ಗ್ರಿಡ್ ಹೋದಾಗಲೆಲ್ಲ ಜನರೇಟರ್ ಸ್ಟಾರ್ಟ್ ಆಗಲೇಬೇಕು ಎಂಬ ಪರಿಸ್ಥಿತಿ ಬರುತ್ತದೆ. ಆ ಪರಿಸ್ಥಿತಿ ಆದಷ್ಟು ಕಡಿಮೆ ಸಲ ಬರುವಂತೆ ನೋಡಿಕೊಳ್ಳುವುದೇ ಹೊರಗಿನ ಲೈನುಗಳ ಡಿಸೈನ್.

ಊರಿಗೆ ವಾಪಸ್ ಬಂದ ಮೇಲೆ ಒಂದು ಹೊಸ ಆಸ್ಪತ್ರೆಯವರು ಕರೆಂಟಿನ ವ್ಯವಸ್ಥೆ ನೋಡಿಕೊಡಿ ಅಂದರು. ಐಸಿಯು, ಆಪರೇಷನ್ ಥಿಯೇಟರ್ ಎಲ್ಲ ಇದ್ದ ಕಟ್ಟಡ. ನಕ್ಷೆಯಲ್ಲಿ ಎರಡು 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಕರೆಂಟ್ ತರುವ ಲೈನು, ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ನಕ್ಷೆಯಲ್ಲಿ ಕಂಬ ಕಾಣುವುದಿಲ್ಲ. ಹಾಗಾಗಿ ಒಬ್ಬ ಲೈನ್‌ಮನ್ ಜೊತೆ ಲೈನ್ ಹಿಡಿದು ನಡೆದೆ. ರಿಂಗ್ ರೋಡ್ ದಾಟಿದ ಮೇಲೆ ಅವನು ಮೇಲೆ ಕೈ ತೋರಿಸಿದ.

"ಇಲ್ಲಿಂದ ಸಬ್‌ಸ್ಟೇಷನ್ ತನಕ ಎರಡೂ ಇದೇ ಕಂಬದ ಮ್ಯಾಲೇ ಅದಾವ್ರಿ ಸಾಹೇಬ್ರ. ಹೋದ ಬ್ಯಾಸಗಿ ಗಾಳಿಗೆ ಒಂದು ಕಂಬ ಬಿತ್ತು, ಎರಡೂ ಹೋದ್ವು ನೋಡ್ರಿ."

ಸಬ್‌ಸ್ಟೇಷನ್ನಿನಲ್ಲಿ ನೋಡಿದರೆ ಎರಡೂ ಫೀಡರ್ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹೊರಟಿದ್ದವು. ಅಂದರೆ ಲೈನು ಎರಡು, ಮೂಲ ಒಂದೇ. ಸ್ಥಾವರದಲ್ಲಾದರೆ ಇಂಥದ್ದಕ್ಕೆ ಯಾರೂ ಒಪ್ಪುವುದಿಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಬಿತ್ತು. ಬೇರೆ ಬೇರೆ ವ್ಯವಸ್ಥೆಗಳ ಕೇಬಲ್‌ಗಳು ಒಟ್ಟಿಗೇ ಸುಟ್ಟವು. ಘಟಕ 17 ಗಂಟೆ ಕರೆಂಟಿಲ್ಲದೆ ಕೂತಿತ್ತು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ, ರಿಯಾಕ್ಟರಿನ ಶಾಖ ಹೀರಿ ಹಬೆ ಮಾಡುವ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿ ಕಾಪಾಡಿದರು. ಆಪತ್ತಿಗೆ ಅಂತ ಇಟ್ಟಿದ್ದನ್ನೆಲ್ಲ ಒಂದೇ ದಾರಿಯಲ್ಲಿ ಒಯ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಆದ ಉದಾಹರಣೆ ಇದು.

ಬೇರೆ ಸಬ್‌ಸ್ಟೇಷನ್ನಿನಿಂದ, ಬೇರೆ ದಿಕ್ಕಿನಿಂದ, ಕೊನೆಯ ತುಂಡು ನೆಲದೊಳಗಿನ ಕೇಬಲ್‌ನಲ್ಲಿ ಒಂದು ಫೀಡರ್ ಬೇಕೆಂದು ಹಟ ಹಿಡಿದೆ. ಟ್ರಸ್ಟಿನ ಹಿರಿಯರೊಬ್ಬರು, "ಎರಡು ಅದಾವಲ್ಲ, ಮತ್ತ್ಯಾಕ ರೊಕ್ಕ ಹಾಕೂದು?" ಅಂದರು. ಅವರನ್ನು ಆ ಕಂಬದ ಹತ್ತಿರವೇ ಕರೆದುಕೊಂಡು ಹೋದೆ. ಅಲ್ಲೇ ಒಪ್ಪಿದರು.

ಆಸ್ಪತ್ರೆಯವರಿಗೆ ಜನರೇಟರ್ ಮತ್ತು ಪ್ಯಾನೆಲ್ ಎರಡನ್ನೂ ನೆಲಮಾಳಿಗೆಯಲ್ಲಿ ಇಡುವ ಯೋಚನೆ ಇತ್ತು. ನನಗೆ ಫುಕುಶಿಮಾ ನೆನಪಾಯಿತು. 2011ರ ಮಾರ್ಚ್ 11ರಂದು ಜಪಾನಿನ ಆ ಅಣು ಸ್ಥಾವರದಲ್ಲಿ ಭೂಕಂಪಕ್ಕೆ ಹೊರಗಿನ ಲೈನುಗಳು ಹೋದವು. ಮುಕ್ಕಾಲು ಗಂಟೆ ಕಳೆದ ಮೇಲೆ ಬಂದ ಸುನಾಮಿಗೆ ಜನರೇಟರ್‌ಗಳೂ ಸ್ವಿಚ್ ಪ್ಯಾನೆಲ್‌ಗಳೂ ಮುಳುಗಿದವು. ಇಲ್ಲಿ ಸಮುದ್ರ ಇಲ್ಲ ನಿಜ. ಆದರೆ 2020ರ ಅಕ್ಟೋಬರ್ ಮಳೆ ನೋಡಿದ ಕಲಬುರಗಿಯವರಿಗೆ ಜಾಸ್ತಿ ಹೇಳಬೇಕಾಗಿಲ್ಲ ಅಲ್ವಾ? ಎರಡನ್ನೂ ಮೇಲೆ ತರಿಸಿ, ಎತ್ತರದ ಕಟ್ಟೆ ಮೇಲೆ ಕೂರಿಸಿದೆವು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಭಯ ಇದ್ದದ್ದು ಒಂದೇ ಫೇಜ್ ಹೋಗುವುದರ ಬಗ್ಗೆ. ಪೂರ್ತಿ ಕರೆಂಟ್ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಜಂಪರ್ (ಲೈನಿನ ತುಂಡುಗಳನ್ನು ಸೇರಿಸುವ ತಂತಿ) ಸುಟ್ಟು ಒಂದು ಫೇಜ್ ಕಡಿದರೆ ಅರ್ಧಂಬರ್ಧ ಕರೆಂಟ್ ಬರುತ್ತಲೇ ಇರುತ್ತದೆ. ಡೆಲ್ಟಾ-ಸ್ಟಾರ್ (ಸುರುಳಿಗಳನ್ನು ಜೋಡಿಸುವ ಒಂದು ಬಗೆ) ಟ್ರಾನ್ಸ್‌ಫಾರ್ಮರಿನ ನಮ್ಮ ಕಡೆ ಒಂದು ಫೇಜ್ ಸರಿಯಾಗಿರುತ್ತದೆ, ಉಳಿದೆರಡು ಅರ್ಧಕ್ಕೆ ಇಳಿಯುತ್ತವೆ. ಮೋಟಾರ್ ಗುಂಯ್‌ಗುಟ್ಟಿ ಸುಡುತ್ತದೆ. ಅಮೆರಿಕದ ಬೈರನ್ ಸ್ಥಾವರದಲ್ಲಿ 2012ರ ಜನವರಿ 30ರಂದು ಆದದ್ದು ಇದೇ. ಇನ್ಸುಲೇಟರ್ ಮುರಿದು ಒಂದು ಫೇಜ್ ಕಡಿಯಿತು. ವೋಲ್ಟೇಜ್ ಮೇಲೆ ಕಣ್ಣಿಟ್ಟು ಬ್ರೇಕರಿಗೆ ಹೇಳುವ ಎರಡು ರಿಲೇಗಳೂ ವೋಲ್ಟೇಜ್ ಕಡಿಮೆ ಅಂದರೆ ಮಾತ್ರ ಟ್ರಿಪ್ ಆಗುವ ವ್ಯವಸ್ಥೆ ಅಲ್ಲಿತ್ತು. ಒಂದು ರಿಲೇಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆಪರೇಟರ್‌ಗಳು ಗೊತ್ತುಮಾಡಿಕೊಂಡು ಕೈಯಾರೆ ಬ್ರೇಕರ್ ತೆಗೆಯುವಷ್ಟರಲ್ಲಿ ಸುಮಾರು ಎಂಟು ನಿಮಿಷ ಹೋಗಿತ್ತು.

ಆಸ್ಪತ್ರೆ ಶುರುವಾಗುವ ಮುಂಚೆಯೇ ನಾನು ಇದನ್ನು ಪರೀಕ್ಷೆ ಮಾಡಿಸಿದೆ. ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತಗೊಂಡು 11 ಕೆವಿ ಕಡೆಯ ಒಂದು ಫ್ಯೂಸ್ ತೆಗೆಸಿ, ಮತ್ತೆ ಚಾರ್ಜ್ ಮಾಡಿಸಿದೆ. ಲೋಡ್ ಇಲ್ಲದಾಗ, ಒಂದು ಲೈನ್ ಕೆಟ್ಟರೆ ತಾನೇ ಇನ್ನೊಂದಕ್ಕೆ ಬದಲಿಸುವ ಚೇಂಜ್‌ಓವರ್ ಪ್ಯಾನೆಲ್ ತಕ್ಷಣ ಎರಡನೇ ಲೈನಿಗೆ ಹೋಯಿತು. ಆಮೇಲೆ ನೀರಿನ ಪಂಪುಗಳನ್ನು ಓಡಿಸಿಟ್ಟು, ಅವು ಓಡುತ್ತಿರುವಾಗಲೇ ಅದೇ ಫೇಜ್ ಹೋಗುವಂತೆ ಮಾಡಿಸಿದೆ. ಪ್ಯಾನೆಲ್ ಅಲುಗಾಡಲಿಲ್ಲ. ಓಡುವ ಮೋಟಾರ್ ಕಡಿದ ಫೇಜಿಗೂ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ, ರಿಲೇ ಅದನ್ನು ನಂಬುತ್ತದೆ. ಬರೀ ವೋಲ್ಟೇಜ್ ಕಡಿಮೆಯಾಯಿತೇ ಅಂತ ನೋಡದೆ, ಮೂರು ಫೇಜ್‌ಗಳ ನಡುವಿನ ಅಸಮತೋಲನ ಅಳೆಯುವ ರಿಲೇ ಹಾಕಿಸಿದೆ. ಪಂಪ್ ಓಡುವಾಗಲೂ ಟ್ರಿಪ್ ಆಯಿತು. ಆಮೇಲೇ ಸಹಿ ಹಾಕಿದ್ದು.

ಜನರೇಟರನ್ನು ಸುಮ್ನೆ ಲೋಡ್ ಇಲ್ಲದೆ ಐದು ನಿಮಿಷ ಓಡಿಸಿ ರಿಜಿಸ್ಟರಿನಲ್ಲಿ ಬರೆಯುವುದನ್ನು ನಾನು ಪರೀಕ್ಷೆ ಅನ್ನುವುದಿಲ್ಲ. ಪಂಪು, ಎಸಿ ಎಲ್ಲ ನಡೆಯುತ್ತಿರುವಾಗ ಮೇನ್ ಬ್ರೇಕರ್ ತೆಗೆಯಬೇಕು. ಎಷ್ಟೋ ಸಲ ಕೈಕೊಡುವುದು ಇಂಜಿನ್ ಅಲ್ಲ, ಸ್ಟಾರ್ಟಿಂಗ್ ಬ್ಯಾಟರಿ. ಅದನ್ನೂ ಲೋಡ್ ಕೊಟ್ಟೇ ಅಳೆಯಬೇಕು.

ಎರಡನೇ ಫೀಡರ್ ವರ್ಷಗಟ್ಟಲೆ ಖಾಲಿ ಇದ್ದರೆ ಅದು ಕೆಟ್ಟಿದ್ದು ಬೇಕಾದ ದಿನವೇ ಗೊತ್ತಾಗುವುದು. ಈಗ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಒಂದು ತಿಂಗಳು ಒಂದು ಫೀಡರ್, ಮರು ತಿಂಗಳು ಇನ್ನೊಂದರ ಮೇಲೆ ಪೂರ್ತಿ ಲೋಡ್ ಹಾಕುತ್ತಾನೆ.