ಕಾರಿನ ಕಿಟಕಿಯ ಬಿಳಿಚಿದ ಬೀಡಿಂಗ್: ಸರಿಪಡಿಸುವ ಕ್ರಮ

ನಾಲ್ಕೈದು ಬೇಸಿಗೆಗಳನ್ನು ಬಯಲಿನಲ್ಲೇ ಕಳೆದ ಕಾರಿನ ಬಾಗಿಲ ಬಳಿ ನಿಂತು, ಕಿಟಕಿಯ ಗಾಜಿನ ಬುಡದುದ್ದಕ್ಕೂ ಇರುವ ಕಪ್ಪು ರಬ್ಬರ್ ಪಟ್ಟಿಯ ಮೇಲೆ ಒದ್ದೆಯಾದ ಬಿಳಿ ಬಟ್ಟೆಯನ್ನು ಒಮ್ಮೆ ಎಳೆದು ನೋಡಿ. ಬಟ್ಟೆಗೆ ಮಣ್ಣಿನ ಬಣ್ಣ ಮಾತ್ರ ಹತ್ತಿದರೆ ಅದು ಧೂಳು. ಮಸಿಯಂಥ ಕಪ್ಪು ಹತ್ತಿದರೆ ರಬ್ಬರಿನ ಮೇಲ್ಪದರವೇ ಪುಡಿಯಾಗುತ್ತಿದೆ ಎಂದರ್ಥ. ಗ್ಯಾರೇಜುಗಳಲ್ಲಿ ಬೀಡಿಂಗ್ ಎಂದೇ ಕರೆಯುವ ಈ ಪಟ್ಟಿಯನ್ನು ಸರಿಪಡಿಸುವ ಕೆಲಸ ಈ ವ್ಯತ್ಯಾಸವನ್ನು ಗುರುತಿಸುವುದರಿಂದ ಆರಂಭವಾಗಬೇಕು. ಹೆಚ್ಚಿನವರು ಎರಡಕ್ಕೂ ಒಂದೇ ಮದ್ದು ಮಾಡಿ, ಮೇಲೆ ಪಾಲಿಶ್ ಹಚ್ಚಿ ಕಪ್ಪಾಗಿಸಿಬಿಡುತ್ತಾರೆ. ಪುಡಿಯ ಮೇಲೆ ಹಚ್ಚಿದ್ದು ಪುಡಿಗೆ ಅಂಟಿಕೊಳ್ಳುತ್ತದೆಯೇ ಹೊರತು ರಬ್ಬರಿಗಲ್ಲ; ಎರಡು ಮಳೆ ಬಿದ್ದರೆ ಎರಡೂ ಒಟ್ಟಿಗೆ ಇಳಿದು ಬಾಗಿಲ ಬಣ್ಣದ ಮೇಲೆ ಕಪ್ಪು ಗೆರೆಗಳನ್ನು ಬಿಡುತ್ತವೆ.

ಈ ರಬ್ಬರು ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಹಾಲಿಳಿಸಿ ಶೀಟು ಮಾಡುವ ರಬ್ಬರಲ್ಲ. ಇಂದಿನ ಕಾರುಗಳ ಬೀಡಿಂಗಿಗೆ ಬಹುಮಟ್ಟಿಗೆ ಬಳಕೆಯಾಗುವುದು ಇಪಿಡಿಎಂ ಎಂಬ ಕೃತಕ ರಬ್ಬರು. ಮರದ ರಬ್ಬರಿನ ಅಣುಸರಪಣಿಯಲ್ಲಿ ಉದ್ದಕ್ಕೂ ಇರುವ ಜೋಡಿ ಬಂಧಗಳನ್ನು ಗಾಳಿಯಲ್ಲಿರುವ ಓಝೋನ್ ಕತ್ತರಿಸುತ್ತದೆ. ಇಪಿಡಿಎಂನ ಮುಖ್ಯ ಸರಪಣಿಯಲ್ಲಿ ಅಂಥ ಬಂಧಗಳಿಲ್ಲದ ಕಾರಣ ಅದು ಬಿಸಿಲು ಮಳೆಗಳನ್ನು ಬಹುಕಾಲ ತಾಳುತ್ತದೆ. ಅದಕ್ಕೆ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬಣ್ಣವನ್ನು ಕೊಡುವುದರ ಜೊತೆಗೆ ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನ ರಬ್ಬರನ್ನು ಕಾಯುತ್ತದೆ, ಮತ್ತು ಒಳಗೆ ಬೆರೆತಿರುವ ಎಣ್ಣೆ ಪಟ್ಟಿಯನ್ನು ಮೆತ್ತಗಿಡುತ್ತದೆ. ಆದರೂ ವರ್ಷಗಳ ಬಿಸಿಲಿಗೆ ಮೇಲ್ಪದರ ಸವೆಯುತ್ತದೆ, ಎಣ್ಣೆ ನಿಧಾನವಾಗಿ ಹೊರಹೋಗುತ್ತದೆ, ಮಿಶ್ರಣದಲ್ಲಿದ್ದ ಬಿಳಿಯ ಖನಿಜಪುಡಿ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ಮನೆಯ ಹಳೆಯ ಕಾರು ಅನೇಕ ವರ್ಷ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತಿತ್ತು. ಸಂಜೆಯ ಬಿಸಿಲು ಬೀಳುತ್ತಿದ್ದ ಬದಿಯ ಬೀಡಿಂಗ್ ಬೂದಿ ಬಣ್ಣಕ್ಕೆ ತಿರುಗಿದಾಗ ಗೋಡೆಯ ಬದಿಯದ್ದು ಇನ್ನೂ ಕಪ್ಪಾಗಿಯೇ ಇತ್ತು. ಆದ್ದರಿಂದ ಎರಡೂ ಬದಿಗಳಿಗೆ ಒಂದೇ ಪ್ರಮಾಣದ ಆರೈಕೆ ಸಾಕೆಂದು ಮೊದಲೇ ನಿರ್ಧರಿಸಬಾರದು.

ಕೆಲಸವನ್ನು ಬೆಳಗ್ಗೆ, ನೆರಳಿನಲ್ಲಿ, ಬೀಡಿಂಗ್ ಮುಟ್ಟಿದರೆ ತಣ್ಣಗಿರುವಾಗ ಮಾಡಬೇಕು. ಕಾರಿಗೆಂದೇ ಇರುವ ಶಾಂಪೂವನ್ನು ನೀರಿಗೆ ಬೆರೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪಟ್ಟಿಯ ಉದ್ದಕ್ಕೆ ಉಜ್ಜಿ, ಗಾಜಿಗೆ ತಾಗುವ ಅಂಚನ್ನು ಬೆರಳಿನಿಂದ ತುಸುವೇ ಎತ್ತಿ ಅದರಡಿಯ ಮರಳನ್ನೂ ತೊಳೆಯಿರಿ. ಈ ಮರಳೇ ಗಾಜಿನ ಮೇಲೆ ನೇರವಾಗಿ ಇಳಿಯುವ ಸಣ್ಣ ಗೀರುಗಳಿಗೆ ಕಾರಣ. ಒಣಗಿದ ರಬ್ಬರ್ ಎತ್ತಿದರೆ ಸೀಳುವಂತಿದ್ದರೆ ಬಲವಂತ ಮಾಡದೆ ನೀರು ಹಾಯಿಸಿ ಬಿಡುವುದೇ ಲೇಸು. ತೊಳೆದ ಮೇಲೆ ಪೂರ್ತಿ ಒಣಗಲು ಬಿಟ್ಟು ನೋಡಬೇಕು, ಏಕೆಂದರೆ ಒದ್ದೆಯಿರುವಾಗ ಎಂಥ ಹಳೆಯ ಬೀಡಿಂಗೂ ಹೊಸದರಂತೆ ಕಪ್ಪಾಗಿ ಕಾಣುತ್ತದೆ.

ಒಣಗಿದ ಬಳಿಕ ಉಳಿದ ಬಿಳುಪು ಎರಡು ಬಗೆಯದ್ದಿರಬಹುದು. ಪಟ್ಟಿಯ ಗೆರೆಗಳ ಸಂದಿಯಲ್ಲಿ, ಬಾಗಿಲಿನ ಬಣ್ಣಕ್ಕೆ ಅಂಟಿಕೊಂಡ ಅಂಚಿನಲ್ಲಿ ಮಾತ್ರ ಬಿಳಿ ಕಂಡರೆ ಅದು ಹಿಂದೆಂದೋ ಕಾರಿನ ಮೈಗೆ ಹಚ್ಚಿದ ವ್ಯಾಕ್ಸ್ ತಾಗಿ ಒಣಗಿದ್ದು. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯ ತುದಿಗೆ ಅದ್ದಿ ಉಜ್ಜಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಬಾಗಿಲಿನ ಮೇಲೆ ಮಾತ್ರ ಇದು ಹನಿಯದಂತೆ ಎಚ್ಚರ ವಹಿಸಬೇಕು. ಪಟ್ಟಿಯ ಮೇಲ್ಮೈ ಪೂರ್ತಿ ಬೂದಿಯಾಗಿದ್ದರೆ ಅದು ಸವೆತ. ಆಗ ಬಾಡಿಯ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮ್ಯಾಜಿಕ್ ಸ್ಪಾಂಜ್ ಎಂದು ಮಾರುವ ಬಿಳಿಯ ಮೆಲಮೈನ್ ಸ್ಪಾಂಜನ್ನು ಒದ್ದೆ ಮಾಡಿ, ಒತ್ತಡ ಹಾಕದೆ, ಒಂದೇ ದಿಕ್ಕಿನಲ್ಲಿ ಎಳೆಯಿರಿ. ಈ ಸ್ಪಾಂಜ್ ನೋಡಲು ಮೃದುವಾದರೂ ವಾಸ್ತವದಲ್ಲಿ ಅತಿ ನಯವಾದ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಟೇಪಿನಾಚೆ ಬಣ್ಣದ ಮೇಲೆ ಹೋದರೆ ಹೊಳಪು ಕೆಡುತ್ತದೆ. ಪ್ರತಿ ಎರಡು ಎಳೆತಕ್ಕೊಮ್ಮೆ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಹತ್ತುವ ಕಪ್ಪು ತಿಳಿಯಾಗುವವರೆಗೆ ಮುಂದುವರಿಸಬೇಕು. ಕಪ್ಪು ಪೂರ್ತಿ ನಿಲ್ಲಲೆಂದು ಕಾಯುವುದು ತಪ್ಪು, ಅಷ್ಟು ಉಜ್ಜಿದರೆ ಗಟ್ಟಿಯಾಗಿರುವ ಒಳಪದರವನ್ನೂ ಕಳೆದುಕೊಳ್ಳುತ್ತೀರಿ. ಪಾತ್ರೆ ತಿಕ್ಕುವ ಹಸಿರು ನಾರು ಈ ಕೆಲಸಕ್ಕೆ ಬಹಳ ಒರಟಾಯಿತು.

ಇಲ್ಲಿ ಬಳಸಬಾರದ ವಸ್ತುಗಳ ಬಗ್ಗೆ ಒತ್ತಿ ಹೇಳಬೇಕಾಗಿದೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಸಾಮಾನ್ಯ ಗ್ರೀಸ್ ಇವುಗಳಿಂದ ಒರೆಸಿದ ಬೀಡಿಂಗ್ ಆ ಹೊತ್ತಿಗೆ ಅದ್ಭುತವಾಗಿ ಕಪ್ಪಾಗುತ್ತದೆ, ಮತ್ತು ಅದೇ ಮೋಸ. ಇಪಿಡಿಎಂ ಪೆಟ್ರೋಲಿಯಂ ಎಣ್ಣೆಗಳನ್ನು ಹೀರಿ ಉಬ್ಬುವ ರಬ್ಬರು. ಪೆಟ್ರೋಲು ಒಳಗಿನ ಎಣ್ಣೆಯನ್ನೂ ಕರಗಿಸಿಕೊಂಡು ಆವಿಯಾಗುತ್ತದೆ, ಪಟ್ಟಿ ಮೊದಲಿಗಿಂತ ಒಣಗಿ ಕುಗ್ಗುತ್ತದೆ. ಬೂಟ್ ಪಾಲಿಶ್ ಎಂದರೆ ಮೇಣ, ಬಣ್ಣ ಮತ್ತು ದ್ರಾವಕಗಳ ಮಿಶ್ರಣವಷ್ಟೆ. ಅದು ಬಿಸಿಲಿಗೆ ಕರಗಿ ಕಿಟಕಿಯ ಮೇಲೆ ಕೈಯಿಟ್ಟವರ ತೋಳಿಗೆ ಹತ್ತುತ್ತದೆ. ಕೊಬ್ಬರಿ ಎಣ್ಣೆಯನ್ನು ಶಿಫಾರಸು ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಅದರ ಜಿಡ್ಡಿಗೆ ನಮ್ಮ ರಸ್ತೆಗಳ ಕೆಂಪು ಧೂಳು ಒಂದೇ ವಾರದಲ್ಲಿ ಲೇಪದಂತೆ ಕೂರುತ್ತದೆ. ಹಾಟ್ ಏರ್ ಗನ್ನಿನ ಬಿಸಿಯಿಂದ ಕಪ್ಪು ಬರಿಸುವ ಉಪಾಯ ಬಂಪರಿನಂಥ ಕೆಲವು ಪ್ಲಾಸ್ಟಿಕ್ಕುಗಳಿಗೆ ಹೊಂದುತ್ತದೆ. ಗಾಜಿನ ಪಕ್ಕದ ರಬ್ಬರಿಗೆ ಅದನ್ನು ಮಾಡಿದರೆ ಗಾಜು ಬಿರಿಯುವ ಅಪಾಯವಿದೆ.

ಹಚ್ಚಬೇಕಾದದ್ದು ಪೆಟ್ರೋಲಿಯಂ ದ್ರಾವಕವಿಲ್ಲದ, ನೀರು ಆಧಾರಿತ ರಬ್ಬರ್ ಡ್ರೆಸ್ಸಿಂಗ್, ಅಂದರೆ ರಬ್ಬರಿಗೆಂದೇ ಮಾಡಿದ ಲೇಪ; ಅದರಲ್ಲಿ ಅತಿನೇರಳೆ ಕಿರಣಗಳ ತಡೆ ಇದೆಯೆಂದು ಡಬ್ಬಿಯ ಮೇಲೆ ಬರೆದಿದ್ದರೆ ಇನ್ನೂ ಒಳ್ಳೆಯದು. ಕಾರಿನ ಮೇಲೆ ನೇರವಾಗಿ ಸ್ಪ್ರೇ ಮಾಡಬಾರದು. ಇಂಥ ಲೇಪಗಳಲ್ಲಿ ಸಾಮಾನ್ಯವಾಗಿ ಇರುವ ಸಿಲಿಕೋನ್ ಮುಂದಿನ ಗಾಜಿಗೆ ಹತ್ತಿದರೆ ಮಳೆಯಲ್ಲಿ ವೈಪರ್ ಓಡಿದಾಗ ಗಾಜು ಮಸುಕಾಗುತ್ತದೆ, ಕಾರಿನ ಮೈಗೆ ಹತ್ತಿ ಉಳಿದರೆ ಮುಂದೆ ಪೇಂಟ್ ಮಾಡಿಸುವಾಗ ಬಣ್ಣ ಅಲ್ಲಲ್ಲಿ ಕುಳಿಬಿಟ್ಟು ಕೂರುತ್ತದೆ. ಸ್ಪಾಂಜಿನ ಸಣ್ಣ ತುಂಡಿಗೆ ತುಸು ತೆಗೆದುಕೊಂಡು ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು, ರಬ್ಬರ್ ಹೀರದೆ ಉಳಿದದ್ದನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಬಹಳ ಒಣಗಿದ ಪಟ್ಟಿಗೆ ಮರುದಿನ ಇನ್ನೊಂದು ತೆಳು ಲೇಪ ಬೇಕಾಗುತ್ತದೆ. ಬೆರಳಿಟ್ಟರೆ ಜಾರದೆ, ಹೊಳೆಯದೆ, ಮಂಕುಗಪ್ಪಾಗಿ ಕಂಡರೆ ಕೆಲಸ ಸರಿಯಾಗಿದೆ. ಮಿರಮಿರ ಹೊಳೆಯುವ ಬೀಡಿಂಗ್ ಕಾರ್ಖಾನೆಯಿಂದ ಬಂದ ದಿನವೂ ಹಾಗಿರಲಿಲ್ಲ. ಬಾಗಿಲಿನ ಸುತ್ತಲಿನ ಒಳಬದಿಯ ದಪ್ಪ ರಬ್ಬರ್ ಚೌಕಟ್ಟಿಗೆ ಅಂಟುವ ತೊಂದರೆಯಿದ್ದರೆ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಬಹುದು. ಗ್ಲಿಸರಿನ್ ಕೂಡ ರಬ್ಬರಿಗೆ ಹಾನಿ ಮಾಡುವುದಿಲ್ಲ, ಆದರೆ ನೀರಿನಲ್ಲಿ ಕರಗುವುದರಿಂದ ಹೊರಗಿನ ಪಟ್ಟಿಯ ಮೇಲೆ ಒಂದು ಮಳೆಗೂ ನಿಲ್ಲುವುದಿಲ್ಲ.

ಗಾಜು ಮೇಲೆ ಕೆಳಗೆ ಓಡಾಡುವ ಚಾನೆಲ್ ಬೇರೆ ಬಗೆಯದ್ದು. ಅದರ ಒಳಮೈಗೆ ಮಖಮಲ್ಲಿನಂಥ ನಯವಾದ ನವಿರು ಅಂಟಿಸಿರುತ್ತಾರೆ. ಡ್ರೆಸ್ಸಿಂಗ್ ಅಲ್ಲಿ ಸಲ್ಲದು. ಪವರ್ ವಿಂಡೋ ನಿಧಾನವಾದರೆ ಹೆಚ್ಚಿನವರು ಮೋಟಾರನ್ನು ದೂರುತ್ತಾರೆ, ಆದರೆ ಧೂಳು ತುಂಬಿದ ಚಾನೆಲ್ಲೇ ಅನೇಕ ವೇಳೆ ಕಾರಣ. ಗಾಜನ್ನು ಪೂರ್ತಿ ಇಳಿಸಿ, ಐಸ್‌ಕ್ರೀಮ್ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಒಳಗೆ ಎಳೆದು, ಒಣಗಿದ ನಂತರ ಒಣ ಸಿಲಿಕೋನ್ ಸ್ಪ್ರೇಯನ್ನು ಉದ್ದನೆಯ ಕೊಳವೆಯ ಮೂಲಕ ಒಂದೆರಡು ಸಲ ಮಾತ್ರ ಹೊಡೆದು, ಗಾಜನ್ನು ಹತ್ತಾರು ಬಾರಿ ಏರಿಳಿಸಿ, ಗಾಜಿಗೆ ಹತ್ತಿದ್ದನ್ನು ಒರೆಸಬೇಕು.

ಇಷ್ಟಾದರೂ ಎಲ್ಲ ಬೀಡಿಂಗೂ ಉಳಿಯುವುದಿಲ್ಲ. ಉಗುರಿನಿಂದ ಒತ್ತಿದಾಗ ಗುರುತು ಮಾಯವಾಗದೆ ಉಳಿದರೆ, ಬಾಗಿಸಿದರೆ ಬಿರುಕುಗಳು ಬಾಯ್ದೆರೆದರೆ, ಮೂಲೆಯಲ್ಲಿ ಕುಗ್ಗಿ ಸಂದು ಬಿಟ್ಟಿದ್ದರೆ, ಯಾವ ಲೇಪವೂ ಆ ಮೃದುತ್ವವನ್ನು ತಿರುಗಿ ತರಲಾರದು. ಮೂಲೆಯ ಕಿರಿದಾದ ಸಂದಿಗೆ ಕಪ್ಪು ಸಿಲಿಕೋನ್ ಸೀಲಂಟ್ ತುಂಬಬಹುದು, ಆದರೆ ಹಚ್ಚುವಾಗ ವಿನೆಗರ್ ವಾಸನೆ ಬರುವ ಬಗೆಯದ್ದು ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದ ನ್ಯೂಟ್ರಲ್ ಕ್ಯೂರ್ ಎಂದಿರುವುದನ್ನೇ ಕೇಳಿ ಪಡೆಯಿರಿ. ಈಗಿನ ಕಾರುಗಳಲ್ಲಿ ಮುಂದಿನ ಗಾಜನ್ನು ಪಾಲಿಯುರೆಥೇನ್ ಅಂಟು ಹಿಡಿದಿರುತ್ತದೆ, ಸುತ್ತಲಿನ ಪಟ್ಟಿ ಹೆಚ್ಚಾಗಿ ಅಂದಕ್ಕಿರುವುದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳಲ್ಲಿ ಹಾಗಲ್ಲ. ಅಲ್ಲಿ ಗಾಜು ನಿಂತಿರುವುದೇ ರಬ್ಬರಿನ ಹಿಡಿತದಲ್ಲಿ. ಅಂಥ ರಬ್ಬರ್ ಬಿರಿದಿದ್ದರೆ ಹೊಳಪಿನ ಮಾತನ್ನು ಬಿಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹಳೆಯ ತುಂಡನ್ನು ತೋರಿಸಿ ಅದೇ ಅಡ್ಡಕೊಯ್ತದ ರಬ್ಬರನ್ನು ಹುಡುಕುವುದು ಅಗತ್ಯ. ಅಂಥ ಕಾರುಗಳನ್ನು ಇಟ್ಟುಕೊಂಡವರು ಉಳಿದಿರುವ ಗಟ್ಟಿ ರಬ್ಬರನ್ನು ಜೋಪಾನ ಮಾಡಲಿ ಎಂಬುದೇ ಇದನ್ನು ಬರೆಯಲು ನನಗಿರುವ ದೊಡ್ಡ ಕಾರಣ.

ಲೇಪವನ್ನು ಮೂರು ತಿಂಗಳಿಗೊಮ್ಮೆ ಮರಳಿ ಹಚ್ಚಿದರೆ ಸಾಕು. ಬೇಸಿಗೆಗೆ ಮೊದಲು ಫೆಬ್ರವರಿಯಲ್ಲಿ ಒಮ್ಮೆ, ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ ತಪ್ಪಿಸಬಾರದು. ಮೇ ತಿಂಗಳ ಕೆಲಸದೊಂದಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ. ಕಿಟಕಿಯ ಬುಡದ ಬೀಡಿಂಗ್ ನೀರನ್ನು ಪೂರ್ತಿ ತಡೆಯುವಂತೆ ಮಾಡಿದ್ದಲ್ಲ. ಒಂದಷ್ಟು ನೀರು ಬಾಗಿಲೊಳಗೆ ಇಳಿದು ತಳದ ರಂಧ್ರಗಳ ಮೂಲಕ ಹೊರಹೋಗಬೇಕೆಂಬುದೇ ಅದರ ರಚನೆ. ಬಾಗಿಲು ತೆರೆದು ಅದರ ಕೆಳ ಅಂಚಿನ ರಂಧ್ರಗಳನ್ನು ಹಂಚಿಕಡ್ಡಿಯಿಂದ ಬಿಡಿಸಿ, ಗಾಜಿನ ಬುಡಕ್ಕೆ ಒಂದು ತಂಬಿಗೆ ನೀರನ್ನು ನಿಧಾನವಾಗಿ ಸುರಿಯಿರಿ. ನೀರು ಕೆಲವೇ ಕ್ಷಣಗಳಲ್ಲಿ ತಳದಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ರಂಧ್ರ ಇನ್ನೂ ಕಟ್ಟಿಕೊಂಡಿದೆ, ಕಡ್ಡಿಯನ್ನು ಮತ್ತೆ ಹಾಕಿ ಬಿಡಿಸಿ.